ಏರಿದ ದಿನಗಳನ್ನು ಯಾರೂ ಹೇಳುವುದಿಲ್ಲ

ಮಕ್ಕಳನ್ನು ನನ್ನ ಬಳಿಗೆ ಕರೆತರುವವರ ದೂರು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಮಂಕಾಗಿದ್ದಾನೆ, ಊಟ ಸೇರುತ್ತಿಲ್ಲ, ಪುಸ್ತಕ ಮುಟ್ಟುತ್ತಿಲ್ಲ. ಅದಕ್ಕೆ ಮುಂಚೆ ಹೇಗಿದ್ದ ಎಂದು ಕೇಳಿದರೆ, "ಆಗ ಏನೂ ತೊಂದರೆ ಇರಲಿಲ್ಲ ಮೇಡಂ, ತುಂಬಾ ಚೆನ್ನಾಗಿದ್ದ" ಎನ್ನುತ್ತಾರೆ. ನಾನು ಅಲ್ಲಿಯೇ ನಿಂತು, ಚೆನ್ನಾಗಿ ಎಂದರೆ ಹೇಗೆ, ರಾತ್ರಿ ಎಷ್ಟು ಹೊತ್ತು ಮಲಗುತ್ತಿದ್ದ, ಯಾರ ಜೊತೆ ಏನು ಮಾತನಾಡುತ್ತಿದ್ದ ಎಂದು ಬಿಡಿಸಿ ಬಿಡಿಸಿ ಕೇಳುತ್ತೇನೆ. ಕೆಲವರಿಗೆ ಇದರಿಂದ ಸಿಟ್ಟು ಬರುತ್ತದೆ. ಕಾಯಿಲೆಯ ವಿಷಯ ಬಿಟ್ಟು ಚೆನ್ನಾಗಿದ್ದ ದಿನಗಳನ್ನು ಏಕೆ ಕೆದಕುತ್ತೀರಿ ಎನ್ನುತ್ತಾರೆ. ಮೈಸೂರಿನಲ್ಲಿ ಆಪ್ತಸಲಹೆಗಾರ್ತಿಯಾಗಿ ನಾನು ಕಂಡ ಮಕ್ಕಳಲ್ಲಿ, ಖಿನ್ನತೆಯೂ ಅದಕ್ಕೆ ತದ್ವಿರುದ್ಧವಾಗಿ ಮನಸ್ಸು ಏರುವ ಉನ್ಮಾದವೂ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆ ಗುರುತಾಗದೆ ಉಳಿದದ್ದು ಬಹುಪಾಲು ಈ ಕೆದಕದ ದಿನಗಳಲ್ಲೇ. ಆದ್ದರಿಂದ ಒಬ್ಬ ಹುಡುಗಿಯ ವಿಷಯವನ್ನು, ಮನೆಯವರ ಮತ್ತು ಅವಳ ಒಪ್ಪಿಗೆ ಪಡೆದು, ಇಲ್ಲಿ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವಳನ್ನು ಸಿಂಧು ಎಂದು ಕರೆಯೋಣ.

ಸಿಂಧುವಿಗೆ ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ. ಮಂಡ್ಯ ಜಿಲ್ಲೆಯ ಹಳ್ಳಿ, ಕಬ್ಬು ಬೆಳೆಯುವ ಮನೆ. ಆಗಸ್ಟ್ ತಿಂಗಳಲ್ಲಿ ಮಂಕಾದಳು. ಊರ ಹತ್ತಿರದ ಕ್ಲಿನಿಕ್ಕಿನಲ್ಲಿ ಖಿನ್ನತೆಗೆಂದು ಒಂದು ಮಾತ್ರೆ ಕೊಟ್ಟರು. ದಸರಾ ಹೊತ್ತಿಗೆ ಚೇತರಿಸಿಕೊಂಡಳು. ಡಿಸೆಂಬರಿನಲ್ಲಿ ಮತ್ತೆ ಹಾಸಿಗೆ ಹಿಡಿದಳು. ಜನವರಿಯಲ್ಲಿ ಮೈಸೂರಿನಲ್ಲಿರುವ ಸೋದರತ್ತೆ ನನ್ನ ಬಳಿಗೆ ಕರೆತಂದರು. ಮೊದಲ ಭೇಟಿಯಲ್ಲಿ ಹುಡುಗಿ ಬಾಯಿ ಬಿಡಲಿಲ್ಲ. ತಾಯಿ ಅಳುತ್ತಲೇ ಇದ್ದರು. ಅತ್ತೆ ಮಾತ್ರ ಒಂದು ಮಾತು ಹೇಳಿದರು: ಪರೀಕ್ಷೆ ಮುಗಿದ ಮೇಲೆ ಸೋದರಮಾವನಿಗೆ ಕೊಟ್ಟು ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಮನೆಯಲ್ಲಿ ಮಾತು ನಡೆದಿದೆ. ಹದಿನೈದರ ಹುಡುಗಿಗೆ, ಮಂಕಾಗಿದ್ದಾಳೆ ಎಂಬ ಕಾರಣಕ್ಕೆ ಮದುವೆ! ಇಂಥ ಅವಸರದ ಹಿಂದೆ ಮನೆಯವರು ಹೇಳದ ಇನ್ನೇನೋ ಇರುತ್ತದೆ. ಮುಂದಿನ ಬಾರಿ ತಂದೆಯೂ ಬರಬೇಕೆಂದು ಹೇಳಿ ಕಳುಹಿಸಿದೆ.

ಮುಂದಿನ ಬಾರಿ ತಂದೆ ತಾಯಿ ಇಬ್ಬರೂ ಬಂದರು. ಜೊತೆಗೆ ಅಜ್ಜಿಯೂ ಇದ್ದರು. ಮಗಳ ಮನೆಗೆ ಹೋಗುವ ದಾರಿಯಲ್ಲಿ ಬಂದವರು, ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ರಾತ್ರಿ ಮಗುವಿನ ಪಕ್ಕದಲ್ಲಿ ಮಲಗುವವರು ಯಾರು ಎಂಬುದು ನಾನು ಎಲ್ಲ ಮನೆಯವರಿಗೂ ಕೇಳುವ ಪ್ರಶ್ನೆ. "ಅವ್ವ" ಎಂದರು ತಂದೆ. ಹಾಗಾದರೆ ಅವರನ್ನೂ ಒಳಗೆ ಕರೆಯಿರಿ ಎಂದೆ. ವಯಸ್ಸಾದವರು, ಕಿವಿ ಮಂದ, ಸುಮ್ಮನೆ ಏಕೆ ತೊಂದರೆ ಎಂದು ಅವರು ತಡೆದರು. ನಾನೇ ಎದ್ದು ಹೋಗಿ ಕೈಹಿಡಿದು ಕರೆತಂದೆ.

ದಸರಾ ರಜೆಯ ದಿನಗಳ ಬಗ್ಗೆ ಕೇಳಿದೆ. "ಆ ಒಂದು ತಿಂಗಳು ತುಂಬಾ ಚೆನ್ನಾಗಿದ್ದಳು" ಎಂದರು ತಾಯಿ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಓದುತ್ತಿದ್ದಳಂತೆ. ಶಾಲೆಯಿಂದ ಎಸ್ಸೆಸ್ಸೆಲ್ಸಿ ಮಕ್ಕಳನ್ನು ಎಬ್ಬಿಸಲು ಮೇಷ್ಟ್ರು ಫೋನ್ ಮಾಡುವಷ್ಟರಲ್ಲಿ ಇವಳೇ ಅವರಿಗೆ ಫೋನ್ ಮಾಡುತ್ತಿದ್ದಳಂತೆ. ಊರಿನ ಮಕ್ಕಳಿಗೆಲ್ಲ ಪಾಠ ಹೇಳುತ್ತೇನೆ ಎಂದು ಹಲಗೆ ತರಿಸಿದ್ದಳಂತೆ. ಮುಖ್ಯೋಪಾಧ್ಯಾಯರು ಎಲ್ಲರೆದುರಿಗೆ ಹೊಗಳಿದ್ದರು.

ನಾನು ಅಜ್ಜಿಯ ಕಡೆ ತಿರುಗಿ, "ರಾತ್ರಿ ಮಲಗುತ್ತಿದ್ದಳಾ ಅಜ್ಜಿ?" ಎಂದು ಗಟ್ಟಿಯಾಗಿ ಕೇಳಿದೆ.

"ಎಲ್ಲಿ ಮಲಗಿದಳು ತಾಯಿ? ನಾಲ್ಕಕ್ಕೆ ಏಳುವುದು ಎಂದರೆ ಮಲಗಿದವರು ಏಳಬೇಕಲ್ಲ. ಎರಡು ಗಂಟೆಯ ತನಕ ಬರೆಯುವುದು, ಆಮೇಲೆ ಪೆಟ್ಟಿಗೆಯ ಬಟ್ಟೆಯೆಲ್ಲ ತೆಗೆದು ಮತ್ತೆ ಮಡಚುವುದು. ಮಲಗು ಎಂದರೆ, ನಿದ್ದೆ ಸೋಮಾರಿಗಳಿಗೆ ಅಜ್ಜಿ, ನನಗೆ ಬೇಡ ಎನ್ನುವಳು. ಬೆಳಿಗ್ಗೆ ನೋಡಿದರೆ ಮುಖದಲ್ಲಿ ಆಯಾಸದ ಸುಳಿವೇ ಇಲ್ಲ. ನನಗೆ ಆಗಲೇ ಎದೆ ಹೊಡೆದುಕೊಂಡಿತು. ನಮ್ಮ ಮೈದುನ ಬಾವಿ ತೋಡಿದಾಗಲೂ ಹೀಗೆಯೇ ಇದ್ದ."

"ಅವ್ವಾ, ಅದೆಲ್ಲ ಈಗ ಯಾಕೆ?" ಎಂದರು ತಂದೆ.

ಅಜ್ಜಿಗೆ ಕಿವಿ ಮಂದವೋ, ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲವೋ, ಮಾತು ನಿಲ್ಲಿಸಲಿಲ್ಲ. ಅವರ ಗಂಡನ ತಮ್ಮ, ಮದುವೆಯಾದ ಹೊಸತರಲ್ಲಿ, ನಾಲೆಯ ನೀರು ಹತ್ತದ ಮೇಲುಹೊಲದಲ್ಲಿ ಬಾವಿ ತೋಡಲು ಶುರುಮಾಡಿದನಂತೆ. ಬೇಸಿಗೆ. ಹಗಲೂ ಕೆಲಸ, ರಾತ್ರಿ ಲಾಟೀನು ಇಟ್ಟುಕೊಂಡು ಮತ್ತೆ ಕೆಲಸ. ಹಾಡಿಕೊಂಡು ತೋಡುತ್ತಿದ್ದನಂತೆ. ಸಹಾಯಕ್ಕೆ ಬಂದವರು ಸೋತು ಹೋದರು, ಅವನು ಸೋಲಲಿಲ್ಲ. ಊರಿಗೇ ನೀರು ಕೊಡುತ್ತೇನೆ ಎಂದು ಎತ್ತು ಮಾರಿ ಇನ್ನೊಂದು ಬಾವಿಗೆ ಜಾಗ ಗುರುತು ಮಾಡಿದ. ಅಡ್ಡ ಬಂದ ಅಣ್ಣನ ಮೇಲೆ ಹಾರೆ ಎತ್ತಿದ. ಆಮೇಲೆ ಒಂದು ದಿನ ಕೊಟ್ಟಿಗೆಯಲ್ಲಿ ಮಲಗಿದವನು ಎರಡು ಮಳೆಗಾಲ ಸರಿಯಾಗಿ ಮೇಲೇಳಲಿಲ್ಲ. ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. "ಬಾವಿ ತೋಡಿದ ಗಟ್ಟಿಗ ಎಂದು ಊರು ಇವತ್ತಿಗೂ ಹೇಳುತ್ತದೆ. ಹೆಂಡತಿ ಬಿಟ್ಟು ಹೋದ ಮೈಗಳ್ಳ ಎಂದೂ ಹೇಳುತ್ತದೆ. ಎರಡೂ ಒಂದೇ ರೋಗ ಎಂದು ನಮಗೆ ಯಾರು ಹೇಳಬೇಕಿತ್ತು?"

ತಾಯಿ ಆಗ ಬಾಯಿ ಬಿಟ್ಟರು. ರಜೆಯಲ್ಲಿ ಹುಡುಗಿ ತನ್ನ ಬಂಗಾರದ ಓಲೆಯನ್ನು ಗೆಳತಿಗೆ ಬಿಚ್ಚಿಕೊಟ್ಟಿದ್ದಳು. ಮಧ್ಯರಾತ್ರಿ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಶಾಲೆ ನಡೆಸುವುದು ಹೇಗೆಂದು ಬುದ್ಧಿ ಹೇಳಿದ್ದಳು. ಹೊಗಳಿಕೆ ನಿಂತದ್ದು ಅಲ್ಲಿಗೆ. ಪರಿಚಯವೇ ಇಲ್ಲದ ಹುಡುಗರಿಗೆ, ಹೇಳಲು ನಾಚಿಕೆಯಾಗುವಂಥ ಸಂದೇಶ ಕಳಿಸಿದ್ದಳು. ತಂದೆ ಮೊಬೈಲ್ ಕಿತ್ತುಕೊಂಡು ಹೊಡೆದರು. ಮಾತ್ರೆಯಿಂದಲೇ ಹೀಗಾಯಿತೆಂದು ಅದನ್ನೂ ನಿಲ್ಲಿಸಿ, ತಾಯತ ಕಟ್ಟಿಸಿ, ಮಹದೇಶ್ವರ ಬೆಟ್ಟಕ್ಕೆ ಹರಕೆ ಹೊತ್ತರು. ಒಂಬತ್ತನೆಯ ತರಗತಿಯಲ್ಲಿದ್ದಾಗ ಊರಹಬ್ಬದ ಸಮಯದಲ್ಲಿಯೂ ಹತ್ತು ದಿನ ಇದೇ ರೀತಿ ಇದ್ದಳು, ಆಗ ಯಾವ ಮಾತ್ರೆಯೂ ಇರಲಿಲ್ಲ ಎಂದು ಅಜ್ಜಿ ಸೇರಿಸಿದರು.

ನಾನು ಬರೆದುಕೊಳ್ಳುತ್ತಿದ್ದೆ. ತಂದೆ ಕೈ ಮುಗಿದರು. "ಮೇಡಂ, ದಯವಿಟ್ಟು ಇದನ್ನು ಬರೆದುಕೊಳ್ಳಬೇಡಿ. ಅಣ್ಣನ ಮಗಳಿಗೆ ಗಂಡು ನೋಡುತ್ತಿದ್ದೇವೆ."

ಆ ಮನುಷ್ಯ ಕೆಟ್ಟವರಲ್ಲ. ಮಗಳಿಗೆ ಹೊಡೆದದ್ದು ತಪ್ಪು, ಅದನ್ನು ಅವರ ಮುಖಕ್ಕೇ ಹೇಳಿದೆ. ಆದರೆ ವಂಶದಲ್ಲಿ ಹುಚ್ಚಿದೆ ಎಂಬ ಒಂದು ಮಾತು ಹೊರಬಿದ್ದರೆ ಮನೆಯ ಹೆಣ್ಣುಮಕ್ಕಳಿಗೆಲ್ಲ ಏನಾಗುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗೆಂದು ನಾನು ಬರೆಯುವುದನ್ನು ಬಿಡಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು ರೋಗಿಯ ಹಕ್ಕು, ಊರಿಗಾಗಲಿ ಬೀಗರಿಗಾಗಲಿ ಅದನ್ನು ಕೊಡುವಂತಿಲ್ಲ ಎಂದು ವಿವರಿಸಿದೆ. ಆಮೇಲೆ ಇಷ್ಟು ಹೇಳಿದೆ: "ನಿಮ್ಮ ಚಿಕ್ಕಪ್ಪನ ವಿಷಯ ಮುಚ್ಚಿಟ್ಟರೆ ಡಾಕ್ಟರಿಗೆ ಕಾಣುವುದು ಮಂಕಾದ ಹುಡುಗಿ ಮಾತ್ರ. ಅವರು ಮತ್ತೆ ಅದೇ ಮಾತ್ರೆ ಬರೆಯುತ್ತಾರೆ."

ಇದು ಬೆದರಿಕೆಯಲ್ಲ. ಬೈಪೋಲಾರ್ ಕಾಯಿಲೆ ಇರುವವರಿಗೆ ಖಿನ್ನತೆ ನಿವಾರಕ ಮಾತ್ರೆಯನ್ನಷ್ಟೇ ಕೊಟ್ಟರೆ ಅದು ಕೆಲವರಲ್ಲಿ ಉನ್ಮಾದವನ್ನು ಕೆರಳಿಸಬಲ್ಲದು. ಆ ಕ್ಲಿನಿಕ್ಕಿನ ವೈದ್ಯರನ್ನು ಇಲ್ಲಿ ದೂರುವುದು ನನ್ನ ಉದ್ದೇಶವಲ್ಲ. ಅವರ ಮುಂದೆ ಮನೆಯವರು ಇಟ್ಟದ್ದು ವರ್ಷದ ಅರ್ಧ ಭಾಗ. ಉಳಿದ ಅರ್ಧದಲ್ಲಿ ಒಂದಷ್ಟು ಹೆಮ್ಮೆಯ ವಿಷಯ, ಇನ್ನಷ್ಟು ಮಾನ ಹೋಗುವ ವಿಷಯ. ನಾಲ್ಕಕ್ಕೆ ಎದ್ದು ಓದಿದ್ದನ್ನು ಯಾರು ಕಾಯಿಲೆ ಎಂದು ಹೇಳಿಕೊಳ್ಳುತ್ತಾರೆ? ಹುಡುಗರಿಗೆ ಸಂದೇಶ ಕಳಿಸಿದ್ದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ? ಹುಡುಗನಾಗಿದ್ದರೆ ಪುಂಡಾಟ ಎಂದು ಬಿಡುತ್ತಿದ್ದರು. ಹುಡುಗಿಯಾದ್ದರಿಂದ ನಡತೆಯ ಪ್ರಶ್ನೆಯಾಯಿತು. ಮದುವೆಯ ಅವಸರ ಹುಟ್ಟಿದ್ದು ಅಲ್ಲಿಂದ. ನಿದ್ದೆ ಬೇಡವಾಗುವುದು, ಮಾತು ಹೆಚ್ಚುವುದು, ತಾನು ಏನು ಬೇಕಾದರೂ ಮಾಡಬಲ್ಲೆ ಎನ್ನಿಸುವುದು, ಕೊಡಬಾರದ್ದನ್ನು ಕೊಡುವುದು, ಸಂಕೋಚ ಕಳಚುವುದು, ಅಡ್ಡ ಬಂದರೆ ರೇಗುವುದು, ಇವೆಲ್ಲ ಒಟ್ಟಿಗೆ ಬಂದು ಒಂದು ವಾರವಾದರೂ ಇದ್ದರೆ ವೈದ್ಯಶಾಸ್ತ್ರ ಅದನ್ನು ಉನ್ಮಾದ ಎನ್ನುತ್ತದೆ. ಅದಕ್ಕಿಂತ ಹಗುರವಾಗಿ ನಾಲ್ಕು ದಿನವಾದರೂ ಇದ್ದರೆ ಅದಕ್ಕೂ ಹೆಸರಿದೆ. ಆ ಪಟ್ಟಿಯಲ್ಲಿ ಚಾರಿತ್ರ್ಯ ಎಂಬುದು ಎಲ್ಲಿಯೂ ಇಲ್ಲ.

ಅದೇ ದಿನ ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಮಾತನಾಡಿದೆ. ಸಾಯಬೇಕು ಎನ್ನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಶಿಕ್ಷಕರು ಹೆದರುತ್ತಾರೆ. ಹುಟ್ಟುವುದಿಲ್ಲ, ಇರುವುದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ. ಎನ್ನಿಸಿದೆ ಎಂದಳು. ಮನೆಯಲ್ಲಿ ಕಬ್ಬಿಗೆ ಹೊಡೆಯುವ ಔಷಧಿಯ ಡಬ್ಬಗಳು ಎಲ್ಲಿರುತ್ತವೆ ಎಂದು ಕೇಳಿದೆ. ಜಗುಲಿಯ ಮೂಲೆಯಲ್ಲಿ ಎಂದಳು. ಈ ಮಾತುಗಳನ್ನು ಅಪ್ಪ ಅಮ್ಮನಿಗೆ ಹೇಳಲೇಬೇಕಾಗುತ್ತದೆ ಎಂದೆ, ತಲೆಯಾಡಿಸಿದಳು. ಬಹಳ ಹೊತ್ತಿನ ಮೇಲೆ ತಾನಾಗಿಯೇ ಒಂದು ಪ್ರಶ್ನೆ ಕೇಳಿದಳು. "ರಜೆಯಲ್ಲಿ ಲೆಕ್ಕವೆಲ್ಲ ತಾನಾಗಿಯೇ ಹೊಳೆಯುತ್ತಿತ್ತು. ಅದೂ ಕಾಯಿಲೆ ಎಂದರೆ ನನ್ನದು ಎಂದು ಏನು ಉಳಿಯುತ್ತದೆ ಮೇಡಂ?"

ಇಂಥ ಪ್ರಶ್ನೆಗೆ ಸಮಾಧಾನದ ಮಾತು ಸಾಲದು. ಗಣಿತದ ನೋಟ್ ಪುಸ್ತಕ ತರಲು ಹೇಳಿ, ಮುಂದಿನ ಭೇಟಿಯಲ್ಲಿ ಇಬ್ಬರೂ ಪುಟ ತಿರುವಿದೆವು. ರಜೆಯ ಮೊದಲ ದಿನಗಳ ಲೆಕ್ಕ ಸರಿಯಿತ್ತು. ಹತ್ತು ದಿನ ಕಳೆದಂತೆ ಹಂತಗಳು ಹಾರಿಹೋಗಿದ್ದವು, ಒಂದು ಲೆಕ್ಕದ ನಡುವೆ ಇನ್ನೊಂದು ಲೆಕ್ಕ ನುಗ್ಗಿತ್ತು. ಕೊನೆಯ ಪುಟಗಳಲ್ಲಿ ಲೆಕ್ಕವೇ ಇರಲಿಲ್ಲ, ಊರಿನ ಮಕ್ಕಳ ಹೆಸರು, ಬಾಣದ ಗುರುತು, ಅಡಿಗೆರೆ. ಜೂನ್ ತಿಂಗಳ ಪುಟಗಳನ್ನು ಅವಳೇ ತೆಗೆದು ನೋಡಿದಳು. ಒಂದೊಂದು ಹಂತವೂ ಜಾಗದಲ್ಲಿತ್ತು. ಆಗ ಅವಳು ಹತ್ತು ಗಂಟೆಗೆ ಮಲಗುತ್ತಿದ್ದಳು. "ಇದು ನನ್ನದೇ" ಎಂದಳು. ನಾನು ಹೇಳಬೇಕಾದ್ದು ಏನೂ ಉಳಿಯಲಿಲ್ಲ.

ಕಾಯಿಲೆಗೆ ಹೆಸರಿಡುವುದು ಆಪ್ತಸಲಹೆಗಾರರ ಕೆಲಸವಲ್ಲ. ಅಜ್ಜಿಯ ಮಾತು ಕೇಳಿದ ದಿನವೇ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಿಗೆ ಪತ್ರ ಬರೆದುಕೊಟ್ಟೆ. ಅದರಲ್ಲಿ ಬಾವಿಯ ಕಥೆಯೂ ಇತ್ತು. ತಂದೆಗೆ ಓದಿ ಹೇಳಿ, ಅವರು ತಲೆಯಾಡಿಸಿದ ಮೇಲೆ ಲಕೋಟೆ ಅಂಟಿಸಿದೆ. ವೈದ್ಯರು ಪರೀಕ್ಷಿಸಿ ಬೈಪೋಲಾರ್ ಕಾಯಿಲೆ ಎಂದು ಖಚಿತಪಡಿಸಿದರು. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ ಲಿಥಿಯಂ ಶುರುಮಾಡಿದರು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಉನ್ಮಾದಕ್ಕೆ ಬಳಸಿ ತೋರಿಸಿದ ಈ ಲವಣ ಇಂದಿಗೂ ಮುಖ್ಯ ಔಷಧಿಗಳಲ್ಲಿ ಒಂದು. ವಾಲ್ಪ್ರೊಯೇಟ್ ಎಂಬ ಇನ್ನೊಂದು ಔಷಧಿ ಮುಂದೆ ಗರ್ಭದ ಮಗುವಿಗೆ ಹಾನಿ ಮಾಡಬಲ್ಲದಾದ್ದರಿಂದ ಹೆಣ್ಣುಮಕ್ಕಳಿಗೆ ಅದನ್ನು ಕೊಡಲು ವೈದ್ಯರು ಹಿಂದೆಮುಂದೆ ನೋಡುತ್ತಾರೆ.

ನಾನು ಕೊಟ್ಟ ಸಲಹೆಗಳಲ್ಲಿ ಕೆಲವು ಮನೆಯವರಿಗೆ ವಿಚಿತ್ರವೆನಿಸಿದವು, ಒಂದೆರಡು ಕಠಿಣವೆನಿಸಿದವು. ಕಬ್ಬಿಗೆ ಹೊಡೆಯುವ ಔಷಧಿಯ ಡಬ್ಬಗಳು ಅಂದೇ ಮನೆಯಿಂದ ಹೊರಗೆ, ಪಂಪ್‌ಸೆಟ್ ಕೋಣೆಯಲ್ಲಿ ಬೀಗದೊಳಗೆ ಹೋಗಬೇಕು. ಕೀಲಿ ತಂದೆಯ ಬಳಿ, ಮಾತ್ರೆ ತಾಯಿಯ ಬಳಿ. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.

ಜಗಳ ಹತ್ತಿದ್ದು ನಿದ್ದೆಯ ವಿಷಯಕ್ಕೆ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ರಾತ್ರಿ ಹತ್ತಕ್ಕೆ ದೀಪ ಆರಿಸಬೇಕು, ಬೆಳಿಗ್ಗೆ ಆರರ ತನಕ ಎಬ್ಬಿಸಬಾರದು, ಶಾಲೆಯ ನಸುಕಿನ ಫೋನ್ ಪಟ್ಟಿಯಿಂದ ಇವಳ ಹೆಸರು ತೆಗೆಸಬೇಕು ಎಂದೆ. "ಓದುವ ಮಕ್ಕಳಿಗೆ ಮಲಗು ಎನ್ನುವ ಸಲಹೆಗೆ ದುಡ್ಡು ಕೊಡಬೇಕೇ?" ಎಂದು ಅತ್ತೆ ನನ್ನೆದುರಿಗೇ ಕೇಳಿದರು. ಹೌದು, ಕೊಡಬೇಕು. ಈ ಕಾಯಿಲೆಯಲ್ಲಿ ನಿದ್ದೆಗೆಡುವುದು ಉನ್ಮಾದದ ಲಕ್ಷಣವೂ ಹೌದು, ಅದನ್ನು ಕರೆತರುವ ಕಾರಣವೂ ಹೌದು. ಸತತವಾಗಿ ಕೆಲವು ರಾತ್ರಿ ನಿದ್ದೆ ತಪ್ಪಿದರೆ ಮಾತ್ರೆ ಹಿಡಿದಿಟ್ಟದ್ದೂ ಕೈಜಾರಬಹುದು. ಪರೀಕ್ಷೆ-1ಕ್ಕೆ ಸಿದ್ಧತೆ ಸಾಲದಿದ್ದರೆ ಅದೇ ವರ್ಷ ಪರೀಕ್ಷೆ-2 ಇದೆ. ಒಡೆದ ಮನಸ್ಸಿಗೆ ಮರುಪರೀಕ್ಷೆಯ ವೇಳಾಪಟ್ಟಿ ಇಲ್ಲ. ತರಗತಿಯ ಶಿಕ್ಷಕಿಗೆ ನಾನೇ ಫೋನ್ ಮಾಡಿದೆ, ಹುಡುಗಿ ಒಪ್ಪಿದಷ್ಟನ್ನು ಮಾತ್ರ ಹೇಳಿದೆ. ಆಕೆ ಹೆಸರನ್ನು ತೆಗೆದರು. ಜೊತೆಗೆ, ಇವಳು ಇದ್ದಕ್ಕಿದ್ದಂತೆ ಚುರುಕಾದರೆ ಹೊಗಳುವ ಮೊದಲು ಮನೆಗೆ ತಿಳಿಸುತ್ತೇನೆ ಎಂದರು. ಅಂಥ ಶಿಕ್ಷಕರು ಇನ್ನಷ್ಟು ಮಂದಿ ಬೇಕು.

ಶಿವರಾತ್ರಿ ಹತ್ತಿರವಿತ್ತು. ಆ ಮನೆಯಲ್ಲಿ ಎಲ್ಲರೂ ಜಾಗರಣೆ ಮಾಡುವವರು, ಹರಕೆ ಬೇರೆ ಬಾಕಿಯಿತ್ತು. ಈ ಹುಡುಗಿ ಆ ರಾತ್ರಿಯೂ ಮಲಗಬೇಕು, ನೀರು ಕುಡಿಯದ ಉಪವಾಸವೂ ಬೇಡ ಎಂದೆ. ದೇವರ ವಿಷಯದಲ್ಲಿ ಕೈಹಾಕುತ್ತಿದ್ದೇನೆ ಎಂಬ ಅಳುಕು ನನಗಿರಲಿಲ್ಲ, ಏಕೆಂದರೆ ಹರಕೆ ಬಿಡಿ ಎಂದು ನಾನು ಹೇಳಲಿಲ್ಲ. ಬೆಟ್ಟಕ್ಕೆ ಹೋಗಿ, ಮಾತ್ರೆ ಜೊತೆಗಿರಲಿ ಎಂದೆ. "ಅವಳ ಪಾಲಿನ ಜಾಗರಣೆ ನನ್ನದು" ಎಂದು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದರು.

ನೀರಿನ ವಿಷಯ ಇನ್ನೊಂದು ಕಾರಣಕ್ಕೂ ಮುಖ್ಯ. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಬಿಸಿಲಿನ ಕೆಲಸ, ವಾಂತಿಭೇದಿ, ಊಟದಲ್ಲಿ ಉಪ್ಪನ್ನು ಏಕಾಏಕಿ ಬಿಡುವುದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಇವೆಲ್ಲ ಅಪಾಯ. ಕೈ ಜೋರಾಗಿ ನಡುಗಿದರೆ, ಹೆಜ್ಜೆ ತಪ್ಪಿದರೆ, ವಾಂತಿ ನಿಲ್ಲದಿದ್ದರೆ ಮುಂದಿನ ಮಾತ್ರೆ ಕೊಡದೆ ಕೂಡಲೇ ಆಸ್ಪತ್ರೆಗೆ. ಇದನ್ನು ತಾಯಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಮುಂಭಾಗದಲ್ಲಿ ದಿನಾ ಮಗಳು ಮಲಗಿದ ಗಂಟೆ, ಎದ್ದ ಗಂಟೆ ಬರೆಯಲು ಹೇಳಿದೆ.

ಮದುವೆಯ ವಿಷಯದಲ್ಲಿ ನನ್ನ ಮಾತು ಗಡುಸಾಗಿತ್ತು. ಹದಿನೆಂಟರೊಳಗಿನ ಮದುವೆ 2006ರ ಕಾಯ್ದೆಯ ಪ್ರಕಾರ ಅಪರಾಧ, ಅದಕ್ಕೆ ಸಿದ್ಧತೆ ನಡೆದರೆ ನಾನೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇನೆ ಎಂದೆ. ಕಾನೂನಿಗಿಂತ ದೊಡ್ಡ ಕಾರಣವೊಂದಿದೆ, ಅದನ್ನು ತಾಯಿಗೆ ಬಿಡಿಸಿ ಹೇಳಿದೆ: ಮದುವೆಯ ಹಿಂದೆಯೇ ಬಸಿರು ಬರುತ್ತದೆ, ಹೆರಿಗೆಯಾದ ಮೊದಲ ವಾರಗಳು ಈ ಕಾಯಿಲೆ ತೀವ್ರವಾಗಿ ಮರುಕಳಿಸುವ ಕಾಲ. ಅಂಥ ಹೊತ್ತಿನಲ್ಲಿ ಎಳೆಯ ಬಾಣಂತಿಗೆ ದೆವ್ವ ಹಿಡಿದಿದೆ ಎಂದು ಕಟ್ಟಿಹಾಕಿದ ಮನೆಯನ್ನು ನಾನು ಕಂಡಿದ್ದೇನೆ. ಹಾಗೆಂದು ಸಿಂಧು ಎಂದಿಗೂ ಮದುವೆಯಾಗಬಾರದು ಎಂದಲ್ಲ. ಓದಿ, ವಯಸ್ಸಿಗೆ ಬಂದು, ತನ್ನ ಕಾಯಿಲೆಯನ್ನು ತಾನೇ ಬಲ್ಲವಳಾಗಿ, ಹುಡುಗನಿಗೆ ಅದನ್ನು ತಾನೇ ಹೇಳಿ, ಬಸಿರಿಗೆ ಮುಂಚೆ ವೈದ್ಯರನ್ನು ಕೇಳಿ ಆಗಬಹುದು. ತಂದೆ ಅಥವಾ ತಾಯಿಗೆ ಈ ಕಾಯಿಲೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸುಮಾರು ಹತ್ತರಲ್ಲಿ ಒಂದು. ಎಂದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ತಂದೆ ಈ ಲೆಕ್ಕವನ್ನು ಇನ್ನೊಮ್ಮೆ ಹೇಳಿಸಿ ಕೇಳಿದರು.

ಇದನ್ನು ಓದಿ ಹಠಮಾರಿ ಮಕ್ಕಳಿಗೆಲ್ಲ ಈ ಹೆಸರು ಅಂಟಿಸಬೇಡಿ ಎಂದು ಶಿಕ್ಷಕರನ್ನೂ ನನ್ನ ಸಹೋದ್ಯೋಗಿಗಳನ್ನೂ ಬೇಡಿಕೊಳ್ಳುತ್ತೇನೆ. ಅಮೆರಿಕದಲ್ಲಿ ಹಾಗಾಯಿತು. 1994-95ರಿಂದ 2002-03ರ ನಡುವೆ ಅಲ್ಲಿನ ವೈದ್ಯರ ಬಳಿ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಬೈಪೋಲಾರ್ ಎಂದು ಬರೆಯುವುದು ಸುಮಾರು 40 ಪಟ್ಟು ಹೆಚ್ಚಿತು. ವರ್ಷವಿಡೀ ಸಿಡುಕುವ, ಆಗಾಗ ಸ್ಫೋಟಿಸುವ ಮಕ್ಕಳೂ ಅದರಲ್ಲಿ ಸೇರಿಕೊಂಡಿದ್ದರು. ಆ ಗೊಂದಲ ತಪ್ಪಿಸಲೆಂದೇ 2013ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಅಂಥ ಮಕ್ಕಳಿಗೆ ಬೇರೆಯೇ ವರ್ಗ ಮಾಡಿತು. ಚಿಕ್ಕಂದಿನಿಂದ ಒಂದೇ ಸಮನೆ ಚಡಪಡಿಸುವ, ಗಮನ ನಿಲ್ಲದ ಮಗುವಿನದು ಇನ್ನೊಂದು ಬಗೆ. ಬೈಪೋಲಾರ್ ಕಾಯಿಲೆ ಬರುವುದು ಸರದಿಯಲ್ಲಿ. ಈ ಮಗು ಇಂಥ ತಿಂಗಳಿನಿಂದ ತನ್ನ ಎಂದಿನ ರೀತಿಗಿಂತ ಬೇರೆಯಾಯಿತು ಎಂದು ಮನೆಯವರು ಬೆರಳಿಟ್ಟು ತೋರಿಸಬಲ್ಲರು. ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಅದು ಅಪರೂಪ, ಹದಿಹರೆಯದಿಂದ ಆಚೆಗೆ ಹೆಚ್ಚು. ಆದ್ದರಿಂದಲೇ ಒಂದು ದಿನದ ವರ್ತನೆ ನೋಡಿ ತೀರ್ಮಾನಿಸದೆ ಇಡೀ ವರ್ಷವನ್ನು ತಿಂಗಳು ತಿಂಗಳಾಗಿ ಕೇಳಿ. ಕೇಳುವಾಗ ಮನೆಯ ಹಿರಿಯರನ್ನು ಬೆಂಚಿನ ಮೇಲೆ ಬಿಡಬೇಡಿ. ಮನೋವೈದ್ಯರನ್ನು ಕಾಣಲು ಎಲ್ಲರೂ ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಬರಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ದಾರಿ ತೋಚದ ರಾತ್ರಿಗಳಿಗೆ 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಸಿಂಧು ಪರೀಕ್ಷೆ-1ರಲ್ಲಿ ಎರಡು ವಿಷಯ ಉಳಿಸಿಕೊಂಡು, ಪರೀಕ್ಷೆ-2ರಲ್ಲಿ ಅವನ್ನು ಪಾಸು ಮಾಡಿದಳು. ಮನೆಯವರು ಬಯಸಿದ ಅಂಕ ಬರಲಿಲ್ಲ. ಪಿಯುಸಿಗೆ ಸೇರಿದಳು. ಆಷಾಢದ ಒಂದು ಬೆಳಿಗ್ಗೆ ತಾಯಿ ಫೋನ್ ಮಾಡಿದರು. "ಮೂರು ರಾತ್ರಿಯಿಂದ ನಾಲ್ಕೇ ಗಂಟೆ ಮಲಗಿದ್ದಾಳೆ ಮೇಡಂ. ಆಯಾಸವಿಲ್ಲ. ಅತ್ತೆಯ ಮನೆಗೆಲ್ಲ ಪರದೆ ಹೊಲಿದುಕೊಡುತ್ತೇನೆ ಎನ್ನುತ್ತಿದ್ದಾಳೆ. ಚೆನ್ನಾಗಿದ್ದಾಳೆ, ಅದಕ್ಕೇ ಫೋನ್ ಮಾಡಿದೆ." ಅಂದೇ ವೈದ್ಯರ ಬಳಿ ಕರೆದೊಯ್ದರು. ರಕ್ತದಲ್ಲಿ ಲಿಥಿಯಂ ಮಟ್ಟ ಇರಬೇಕಾದ್ದಕ್ಕಿಂತ ಕಡಿಮೆಯಿತ್ತು, ಪ್ರಮಾಣ ಹೆಚ್ಚಿಸಿದರು. ಕಾಲೇಜಿಗೆ ಒಂದು ವಾರ ರಜೆ ಹಾಕಿದಳು, ಮತ್ತೆ ಹೋಗುತ್ತಿದ್ದಾಳೆ.